ಅಪ್ಪುವಿನ ಅಪ್ಪಣೆ

ಕಲ್ಲಾರೆಕೊಪ್ಪಲಿನ ಶಿವಣ್ಣನ ಮನೆಯಲ್ಲಿ ಮೊಮ್ಮಗ ಹುಟ್ಟಿದಾಗಿನಿಂದ ಸಲಹೆ ಕೊಡುವವರಿಗೇನೂ ಕಮ್ಮಿಯಾಗಲಿಲ್ಲ. ಕೂಸು ದಿನ ತುಂಬುವ ಮೊದಲೇ ಬಂದಿತ್ತು, ಬಂದದ್ದೂ ಅಳದೆ ಬಂದಿತ್ತು. ಮೈಸೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದು ಮನೆಗೆ ಬಂದ ಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ಕಣ್ಣಿಗೆ ಬೆಳಕು, ನೆರಳು, ಇಲ್ಲವೇ ಕೆಂಪು ಹಳದಿಯಂಥ ಗಾಢ ಬಣ್ಣ ಬಿಟ್ಟರೆ ಬೇರೇನೂ ನಿಲುಕದು. ಎಡಗಿವಿ ಪೂರ್ತಿ ಮುಚ್ಚಿದ ಬಾಗಿಲು. ಬಲಗಿವಿ ಹತ್ತಿರ ಬಾಯಿಟ್ಟು ಹೇಳಿದರೆ ಕೇಳುತ್ತದೆ. ಕೈಕಾಲು ಒಣಸೌದೆಯ ಹಾಗೆ ಸೆಟೆದುಕೊಳ್ಳುತ್ತವೆ, ಕತ್ತು ನಿಲ್ಲದು. ಅಪ್ಪು ಎಂದು ಹೆಸರಿಟ್ಟರು. ಹೆಸರಿಟ್ಟದ್ದಾದರೂ ಎಲ್ಲರೂ ಒಪ್ಪಿ ಆದ ಕೆಲಸ.

ಪಾಂಡವಪುರದ ಬೀಗರು ಒಂದು ಎಣ್ಣೆ ಹೇಳಿದರು. ನಾಗಮಂಗಲದ ಕಡೆಯ ಯಾರೋ ಬೇರು ತಂದು ಸೊಂಟಕ್ಕೆ ಕಟ್ಟಿದರು. ಶ್ರೀರಂಗಪಟ್ಟಣದ ಹೊಳೆಯಲ್ಲಿ ಮುಳುಗಿಸಿ ಎತ್ತಿದರೆ ಕತ್ತು ನಿಲ್ಲುತ್ತದೆ ಎಂದವರು, ತಮ್ಮ ಮಕ್ಕಳ ಕತ್ತು ನಿಂತದ್ದು ಯಾವ ಹೊಳೆಯಲ್ಲಿ ಎಂದು ಹೇಳಲಿಲ್ಲ. ಅಜ್ಜಿ ಸೋಮಮ್ಮ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಸೋಮಮ್ಮನ ಹೂಂ ಎಂಥದ್ದೆಂದರೆ, ಹೇಳಿದವರಿಗೆ ಸಮಾಧಾನವಾಗುತ್ತಿತ್ತು, ಹೇಳಿದ್ದು ಮಾತ್ರ ಆಗುತ್ತಿರಲಿಲ್ಲ. ಮಗ ಕಿಶನ ಟೆಂಪೋ ಓಡಿಸುತ್ತಿದ್ದ, ಸೊಸೆ ಪವಿತ್ರ ಬೆಳಗಾಗೆದ್ದು ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹಗಲೆಲ್ಲ ಕೂಸು ಸೋಮಮ್ಮನ ಮಡಿಲಲ್ಲಿ.

ಇಂಥ ಮಕ್ಕಳಿಗೆಂದೇ ಪೇಟೆಯಲ್ಲಿ ಒಂದು ಕೇಂದ್ರ ಆಗುತ್ತದೆ ಅಂತ ಕಿಶನ ಕೇಳಿಕೊಂಡು ಬಂದ. ಅದರ ಬೋರ್ಡಿನ ಮೇಲೆ ಶೀಘ್ರ ಎಂಬ ಮಾತು ದೊಡ್ಡಕ್ಷರದಲ್ಲಿತ್ತು. ಎಳೆಯದರಲ್ಲೇ ಹಿಡಿದರೆ ಮಗು ತನ್ನಿಂದಾದಷ್ಟು ಕಲಿಯುತ್ತದೆ, ತಡವಾದರೆ ಕಷ್ಟ, ಆದ್ದರಿಂದ ಶೀಘ್ರ. ಆ ಬೋರ್ಡು ಬರೆಸಿ, ಟೇಪು ಕಟ್ಟಿ, ಕತ್ತರಿಸುವ ದೊಡ್ಡವರಿಗೆ ಪುರುಸೊತ್ತು ಸಿಗುವಷ್ಟರಲ್ಲಿ ಆಷಾಢ ಬಂತು, ಆಷಾಢ ಮುಗಿಯುವಷ್ಟರಲ್ಲಿ ಚುನಾವಣೆ ಬಂತು. ಶೀಘ್ರವು ಹಾಗೆ ಎರಡು ಯುಗಾದಿ ಕಂಡಿತು. ಅಷ್ಟು ಹೊತ್ತಿಗೆ ಅಪ್ಪುವಿಗೆ ಹಲ್ಲು ಬಂದಿತ್ತು.

ಕಡೆಗೂ ಕೇಂದ್ರ ತೆರೆದು, ಅಲ್ಲಿಂದ ಅರ್ಪಿತ ಎಂಬ ಹುಡುಗಿ ಪ್ರತಿ ಗುರುವಾರ ಬಸ್ಸಿಳಿದು ಕೊಪ್ಪಲಿಗೆ ಬರತೊಡಗಿದಳು. ಮೊದಲ ದಿನ ಶಿವಣ್ಣ ಅವಳನ್ನು ಸೊಳ್ಳೆಮದ್ದು ಹೊಡೆಯಲು ಬಂದವಳೆಂದುಕೊಂಡು ಕೊಟ್ಟಿಗೆ ತೋರಿಸಿದ. ಅವಳು ನೆಲದ ಮೇಲೆ ಚಾಪೆ ಹಾಸಿ ಕುಳಿತು, ಅಪ್ಪುವನ್ನು ಎದೆಗೊರಗಿಸಿಕೊಂಡು, ಬಲಗಿವಿಯಲ್ಲಿ ಒಂದು ಸಣ್ಣ ಗಂಟೆ ಆಡಿಸಿದಳು. ಆಮೇಲೆ ನಿಲ್ಲಿಸಿ ಸುಮ್ಮನೆ ಕುಳಿತಳು.

"ಯಾಕವ್ವ ನಿಲ್ಸ್‌ಬುಟ್ಟೆ?" ಎಂದಳು ಸೋಮಮ್ಮ.

"ಬೇಕು ಅಂತ ಅವನೇ ಕೇಳ್ಲಿ ಅಂತ ಅಜ್ಜಿ."

"ಅವ್ನು ಎಂಗೆ ಕೇಳಾನು?"

"ಅದನ್ನೇ ಕಲಿಸ್ಬೇಕು. ಬೇಕು ಅಂದ್ರೆ ಬಲಗೈ. ಬೇಡ ಅಂದ್ರೆ ಎಡಗೈ. ನೀವು ಕೈ ಮುಟ್ಟಿ ಮುಟ್ಟಿ ಹೇಳಿ. ಏನು ಕೊಡೋದಿದ್ರೂ ಮೊದಲು ಕೇಳಿ. ಕೇಳಿದ್ಮೇಲೆ ಕಾಯಿರಿ. ಮಾತು ಒಳಕ್ಕೆ ಹೋಗಿ, ಕೈವರೆಗೆ ಬರೋಕೆ ಇವನಿಗೆ ಹೊತ್ತು ಹಿಡಿಯುತ್ತೆ."

ಕಾಯುವುದು ಸೋಮಮ್ಮನಿಗೆ ಹೊಸತಲ್ಲ. ನಾಲೆಗೆ ನೀರು ಬಿಡುವುದಕ್ಕೆ ಕಾದವಳು, ಬಸ್ಸಿಗೆ ಕಾದವಳು, ಗಂಡ ಮಾತು ಮುಗಿಸುವುದಕ್ಕೆ ಕಾದವಳು. ಗಂಜಿ ಕಲಸಿಟ್ಟು, "ಗಂಜಿ ಬೇಕೇನಪ್ಪ?" ಎಂದು ಕಿವಿಯಲ್ಲಿ ಕೇಳಿ, ಬಲಗೈ ಮುಟ್ಟಿ ಬೇಕು ಎಂದು, ಎಡಗೈ ಮುಟ್ಟಿ ಬೇಡ ಎಂದು, ಗಂಜಿ ಆರಿ ಕೆನೆಗಟ್ಟುವವರೆಗೆ ಕೂರುತ್ತಿದ್ದಳು. ಹೀಗೆ ಒಂದು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ, ಸೆಟೆದುಕೊಂಡಿದ್ದ ಎಡಗೈ ನಡುಗುತ್ತಾ ನಡುಗುತ್ತಾ ನೆಲ ಬಿಟ್ಟು ಎದ್ದಿತು. ಬೇಡ. ಸೋಮಮ್ಮ ಗಂಜಿಯ ಬಟ್ಟಲನ್ನು ದೂರ ಸರಿಸಿದಳು. ಹುಡುಗನ ಮುಖ ಸಡಿಲವಾಯಿತು. ಉಣ್ಣದೆ ಹಟ ಮಾಡುವ ಮಕ್ಕಳನ್ನು ಕಂಡು ತಾಯಂದಿರು ಅಳುವುದನ್ನು ಅವಳು ಕಂಡಿದ್ದಳು. ಮಗು ಬೇಡ ಅಂದಿತೆಂದು ಖುಷಿಗೆ ಕಣ್ಣೊರೆಸಿಕೊಂಡವಳು ಆ ಊರಲ್ಲಿ ಅವಳೊಬ್ಬಳೇ ಇರಬೇಕು. ಅಪ್ಪುವಿನ ಬಾಯಿಂದ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬಂದದ್ದು ಈ ಎರಡು ಮಾತು, ಎರಡು ಕೈಯಲ್ಲಿ.

ಇಷ್ಟಕ್ಕೇ ನಿಂತಿದ್ದರೆ ಕತೆ ಇರುತ್ತಿರಲಿಲ್ಲ.

ಕೊಪ್ಪಲಿನವರು ಏನೇ ಮಾಡಲಿ, ಮಾರಮ್ಮನ ಗುಡಿಯಲ್ಲಿ ಹೂವು ಕೇಳದೆ ಮಾಡಿದವರಲ್ಲ. ಅಮ್ಮನ ಎರಡು ಭುಜದ ಮೇಲೂ ಹೂವು ಅಂಟಿಸಿ ಕೈಮುಗಿದು ಕೂರುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬೋರು ಕೊರೆಸುವುದು, ಹೆಣ್ಣು ಕೊಡುವುದು, ಸೀಮೆಹಸು ತರುವುದು ಎಲ್ಲ ಹಾಗೆಯೇ. ಆದರೆ ಗುಡಿಗೆ ತಾರಸಿ ಹಾಕಿಸುತ್ತೇವೆಂದು ಕಮಿಟಿಯವರು ಹಳೆಯದನ್ನು ಕೆಡವಿದ್ದರು. ಹೊಸ ಗುಡಿಯ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಜಗಳ ಹತ್ತಿ ಪಾಯದಲ್ಲೇ ನಿಂತಿತ್ತು. ಅಮ್ಮ ತಗಡಿನ ಶೆಡ್ಡಿನಲ್ಲಿದ್ದಳು. ಶೆಡ್ಡಿನಲ್ಲಿರುವ ದೇವರಿಗೆ ಹೂವು ಕೇಳುವಂತಿಲ್ಲ ಎಂದು ಪೂಜಾರಿ ಹೇಳಿದ. ಊರಿಗೆ ಊರೇ ಕೇಳಬೇಕಾದ್ದನ್ನು ಬಾಯಲ್ಲಿಟ್ಟುಕೊಂಡು ಒಂದು ವರ್ಷದಿಂದ ಕೂತಿತ್ತು.

ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ ಶಿವಣ್ಣ ಜಗಲಿಯ ಮೇಲೆ ಪಕ್ಕದ ಮನೆಯ ದೇವಯ್ಯನ ಜೊತೆ ಕುಳಿತು ತನ್ನ ತುಂಬುಗಬ್ಬದ ಹಸುವಿನ ವಿಚಾರ ಆಡುತ್ತಿದ್ದ.

"ಇವತ್ತಾದ್ರೂ ಕರ ಆಯ್ತದೇನ್ಲಾ ದೇವಯ್ಯ? ನಂಗ್ಯಾಕೋ ಇವತ್ತೇ ಅನ್ನುಸ್ತದೆ."

ಬಾಗಿಲ ಒಳಗೆ ಸೋಮಮ್ಮ ಅಪ್ಪುವಿನ ಕಿವಿಯಲ್ಲಿ, "ಗಂಟೆ ಬೇಕಾ ಮಗ?" ಎಂದು ಕೇಳಿ ಕಾಯುತ್ತಿದ್ದಳು. ಅಪ್ಪುವಿನ ಬಲಗೈ ನಿಧಾನಕ್ಕೆ ಎದ್ದಿತು. ಶಿವಣ್ಣ ನೋಡಿದ. ದೇವಯ್ಯನೂ ನೋಡಿದ. ಸಾಯಂಕಾಲ ಹಸು ಈಯಿತು. ಹೆಣ್ಣುಗರು.

"ಬಲಗಡೆ ಹೂವು ಕೊಟ್ಟಂಗೆ ಕೊಟ್ನಲ್ಲಮ್ಮಿ," ಎಂದ ಶಿವಣ್ಣ, ಅಪ್ಪುವಿನ ಹಣೆಗೆ ಕುಂಕುಮ ಇಡುತ್ತಾ.

"ಅವ್ನು ಗಂಟೆ ಕೇಳ್ದ ಅಷ್ಟೇಯ."

"ನಿಂಗೆ ಗಂಟೆ, ನಂಗೆ ಕರ. ದೇವ್ರು ಒಂದೇ ಕೈಯಲ್ಲಿ ಇಬ್ರಿಗೂ ಹೇಳ್ತಾನೆ. ಅದು ಸಾಮಾನ್ಯರ ಕೈಲಾದದ್ದಾ?"

ಮಾರನೆಯ ಬೆಳಗ್ಗೆ ಡೈರಿಯಲ್ಲಿ ಹಾಲು ಹಾಕುವಾಗ ದೇವಯ್ಯ ಈ ಸಂಗತಿ ಹೇಳಿದ. ಸಂಜೆಯ ಹಾಲಿಗೆ ಬರುವಷ್ಟರಲ್ಲಿ ಹಸು ಈಯುವ ಹಿಂದಿನ ದಿನವೇ ಅಪ್ಪು ಕೈಯೆತ್ತಿ, ಹೆಣ್ಣುಗರು ಎಂದು ಹೇಳಿ, ಬಣ್ಣವನ್ನೂ ತಿಳಿಸಿದ್ದ ಎಂದಾಗಿತ್ತು. ಮಾರನೆಯ ದಿನ ಮೊದಲ ಮನುಷ್ಯ ಬಾಳೆಹಣ್ಣು ಹಿಡಿದು ಬಂದ. ಬೋರು ಕೊರೆಸಲಾ ಅಂತ ಕೇಳಿದ. ಆ ವಾರವೇ ಹಿಂಡು ಹಿಂಡು ಬಂದರು.

ಸೋಮಮ್ಮ ಹಿಂದೆ ಕಂಡದ್ದೇನೂ ಮರೆತವಳಲ್ಲ. ಮೂರು ವರ್ಷದಿಂದ ಮದುವೆಮನೆಗಳಲ್ಲಿ, ಅಪ್ಪುವನ್ನು ಎತ್ತಿಕೊಂಡು ಹೋದಾಗ ಬಸುರಿಯರನ್ನು ಒಳಕೋಣೆಗೆ ಕಳಿಸುತ್ತಿದ್ದವರು ಯಾರು ಯಾರೆಂದು ಅವಳಿಗೆ ಹೆಸರು ಸಮೇತ ಗೊತ್ತಿತ್ತು. ಅವರೇ ಈಗ ಬಸುರಿ ಸೊಸೆಯರನ್ನು ಕರೆತಂದು ಅಪ್ಪುವಿನ ಕಾಲಿಗೆ ಮುಟ್ಟಿಸುತ್ತಿದ್ದರು. ಅವಳಿಗೂ ಒಳಗೊಳಗೆ ಹಿತವಾಗದೆ ಇರಲಿಲ್ಲ. ಬರಲಿ, ಬಂದು ಬಗ್ಗಲಿ ಅನ್ನಿಸಿತು. ಶಿವಣ್ಣನಂತೂ ಮಂಗಳವಾರ, ಶುಕ್ರವಾರ ಎಂದು ದಿನ ಗೊತ್ತುಮಾಡಿ, ಜಗಲಿಗೆ ಶಾಮಿಯಾನದ ಬಟ್ಟೆ ಕಟ್ಟಿಸಿದ. ಅರ್ಪಿತ ತಂದುಕೊಟ್ಟಿದ್ದ, ಕತ್ತು ಬೆನ್ನು ನೆಟ್ಟಗಿರಿಸುವ ಪುಟ್ಟ ಮರದ ಕುರ್ಚಿಗೆ ಅರಿಶಿನ ಬಳಿದು ಮಾವಿನಸೊಪ್ಪು ಕಟ್ಟಿದ. ಕುರ್ಚಿಯ ಮೇಲೆ ಕೂಸನ್ನು ಕೂರಿಸುವುದು ಬಿಟ್ಟು ಅದಕ್ಕೇ ಕೆಲವರು ಕೈಮುಗಿದು ಹೋದರು.

ಪವಿತ್ರ ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು. "ಅತ್ತೆ, ನನ್ ಮಗ ಮನ್ಸನಾಗಿ ಬದುಕ್ಲಿ ಅಂತ ನಾನು ಬಡ್ಕತಿದೀನಿ. ನೀವು ಅದಕ್ಕೂ ಮುಂಚೆ ದೇವ್ರು ಮಾಡ್ಬುಟ್ರಿ."

ಸೋಮಮ್ಮ ಹೂಂ ಅಂದಳು. ಈ ಸಲದ ಹೂಂ ಅವಳಿಗೇ ಹಿಡಿಸಲಿಲ್ಲ.

ಬಂದವರ ಕೇಳಾಟ ಹೇಗಿರುತ್ತಿತ್ತೆಂದರೆ, ಕೇಳುವುದೊಂದೇ, ಕಾಯುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು. ಎಡಗೈ ಎದ್ದರೆ, ಸ್ವಾಮಿಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಂದು ಸಲ ಕೇಳುತ್ತಿದ್ದರು. ಮತ್ತೆ ಎದ್ದರೆ ಮತ್ತೆ. ಬಲಗೈ ಎದ್ದ ಕೂಡಲೇ ಗದ್ದಲವೆಲ್ಲ ನಿಂತು, ಬಾಯಿಗೆ ಒಂದು ತುಂಡು ಬಾಳೆಹಣ್ಣು ಬೀಳುತ್ತಿತ್ತು. ಅಪ್ಪುವಿಗೆ ಕಣ್ಣಿಲ್ಲ, ಅರೆಗಿವಿ, ಆದರೆ ದಡ್ಡನಲ್ಲ. ಬಲಗೈ ಎತ್ತಿದರೆ ಸದ್ದು ನಿಲ್ಲುತ್ತದೆ, ಬಾಳೆಹಣ್ಣು ಬರುತ್ತದೆ ಎಂಬುದನ್ನು ಬೇಗನೆ ಕಲಿತ. ಮೂಗಿನ ಹತ್ತಿರ ಯಾರ ಉಸಿರು ಸುಳಿದರೂ ಬಲಗೈ ಎತ್ತತೊಡಗಿದ. ಅಂದಿನಿಂದ ಅವನಷ್ಟು ಒಳ್ಳೆಯ ದೇವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಯಾರು ಏನು ಕೇಳಿದರೂ ಆಗಲಿ.

ಒಂದು ಗುರುವಾರ ಅರ್ಪಿತ ಬಂದು ಗಂಟೆ ಬೇಕಾ ಎಂದಳು. ಬಲಗೈ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯ ತುದಿ ಕೆನ್ನೆಗೆ ತಾಕಿಸಿ, ಇದು ಬೇಕಾ ಎಂದಳು. ತಣ್ಣೀರು ಎಂದರೆ ಅಪ್ಪುವಿಗೆ ಆಗದು. ಆದರೂ ಬಲಗೈ ಎದ್ದಿತು. ಅವಳು ಬಟ್ಟೆ ಮಡಿಸಿಟ್ಟಳು.

"ಅಜ್ಜಿ, ಅವನ ಮಾತು ಹೊರಟೋಗ್ತಾ ಇದೆ."

"ಬಲಗೈ ಎತ್ತುದ್ನಲ್ಲ?"

"ಎಲ್ಲಾದಕ್ಕೂ ಎತ್ತುದ್ರೆ ಅದು ಮಾತಲ್ಲ ಅಜ್ಜಿ. ಬೇಡ ಅನ್ನೋದು ಹೋದ್ರೆ ಬೇಕು ಅನ್ನೋದೂ ಹೋದಂಗೇ."

ಅರ್ಪಿತ ಶಿವಣ್ಣನಿಗೂ ಹೇಳಿನೋಡಿದಳು. ಶಿವಣ್ಣ ಅವಳನ್ನು ಕರುಣೆಯಿಂದ ನೋಡಿ, "ನೋಡವ್ವ, ನೀನು ಕಲಿಸ್ಕೊಟ್ಟ ವಿದ್ಯೆನೇ ಇದು. ನಿಂಗೂ ಪುಣ್ಯ ಬತ್ತದೆ, ಯೋಚ್ನೆ ಮಾಡ್ಬೇಡ," ಎಂದ. ಅವಳು ಮೇಲಿನವರಿಗೆ ತಿಳಿಸಿದಳು. ಮೇಲಿನವರು ಅವರ ಮೇಲಿನವರಿಗೆ ತಿಳಿಸಿದರು. ಹಾಗೆ ಒಂದು ದಿನ ನಾಗಾರ್ಜುನ ಎಂಬ ಸಾಹೇಬರು ಜೀಪಿನಲ್ಲಿ ಬಂದಿಳಿದರು.

ಸಾಹೇಬರು ಜಗಲಿಯ ಮೇಲೆ ನಿಂತು ಭಾಷಣ ಮಾಡಿದರು. ಮೂಢನಂಬಿಕೆ ಎಂದರು, ಮಗುವಿನ ಹಕ್ಕು ಎಂದರು, ಕಾನೂನು ಕ್ರಮ ಎಂದರು. ಕೇಳಿದವರು ಸರದಿಯಲ್ಲಿ ಕುಳಿತಿದ್ದ ಏಳೆಂಟು ಹೆಂಗಸರು ಮತ್ತು ಒಂದು ಮೇಕೆ. ಎಲ್ಲರೂ ತಲೆಯಾಡಿಸಿದರು, ಯಾರೂ ಏಳಲಿಲ್ಲ. ಎದ್ದರೆ ಸರದಿ ತಪ್ಪುತ್ತದೆ. ಶಿವಣ್ಣ ಎಳನೀರು ಕೆತ್ತಿಸಿಕೊಟ್ಟ. ಸಾಹೇಬರು ಕುಡಿದು ಬಾಯೊರೆಸಿಕೊಂಡು, "ನಾನು ಮಗುವನ್ನ ಖುದ್ದು ಪರಿಶೀಲನೆ ಮಾಡಬೇಕು. ಎಲ್ಲರೂ ಸ್ವಲ್ಪ ಆಚೆ ಹೋಗಿ," ಎಂದರು.

ಎಲ್ಲರೂ ಹೋದರು. ಅಪ್ಪು ಮಡಿಲಲ್ಲಿದ್ದುದರಿಂದ ಸೋಮಮ್ಮ ಕೂತೇ ಇದ್ದಳು. ಸಾಹೇಬರು ಅವಳನ್ನು ಗೋಡೆಗೂಟದ ಲೆಕ್ಕಕ್ಕೆ ಹಾಕಿಕೊಂಡರೆಂದು ಕಾಣುತ್ತದೆ. ಬೂಟು ಬಿಚ್ಚಿದರು. ಮೊಣಕಾಲೂರಿದರು. ಅಪ್ಪುವಿನ ಎಡಗಿವಿಗೆ, ಪೂರ್ತಿ ಮುಚ್ಚಿದ ಆ ಕಿವಿಗೆ ಬಾಯಿಟ್ಟು, "ಮೈಸೂರಿಗೆ ವರ್ಗ ಆಗುತ್ತಾ ಕಂದಾ? ಈ ಯುಗಾದಿಯೊಳಗೆ?" ಎಂದು ಕೇಳಿದರು.

ಅಪ್ಪುವಿಗೆ ಏನೂ ಕೇಳಿಸಲಿಲ್ಲ. ಕೆನ್ನೆಗೆ ಹೊಸ ಉಸಿರು ತಾಗಿತು. ಬಲಗೈ ಎತ್ತಿದ.

ಸಾಹೇಬರು ಹೊರಗೆ ಬಂದು, ಮಗುವಿನ ಆರೈಕೆ ತೃಪ್ತಿಕರವಾಗಿದೆ ಎಂದು ಅಪ್ಪಣೆ ಮಾಡಿ ಜೀಪು ಹತ್ತಿದರು. ಹೋಗುವಾಗ ಬೂಟಿನ ಒಂದು ಲಾಡಿ ಕಟ್ಟುವುದನ್ನು ಮರೆತಿದ್ದರು.

ಆಮೇಲೆ ಡೈರಿಯ ಅಧ್ಯಕ್ಷಗಿರಿಯ ಚುನಾವಣೆ ಬಂತು. ಇದ್ದ ಅಧ್ಯಕ್ಷ ಪುಟ್ಟಸ್ವಾಮಿ ಮಂಗಳವಾರ ಬಂದು ಕೇಳಿದ, ಬಲಗೈ. ಎದುರು ನಿಂತಿದ್ದ ಮಂಚಯ್ಯ ಶುಕ್ರವಾರ ಬಂದು ಕೇಳಿದ, ಬಲಗೈ. ಇಬ್ಬರೂ ಗೆದ್ದೇಬಿಟ್ಟೆವೆಂದು ಎಣಿಕೆಗೆ ಮುಂಚೆಯೇ ಪಟಾಕಿ ತಂದಿಟ್ಟರು. ಮಂಚಯ್ಯ ಗೆದ್ದ. ಪುಟ್ಟಸ್ವಾಮಿ ಶಿವಣ್ಣನ ಜಗಲಿಗೆ ಬಂದು ನಿಂತ. ಸೋಮಮ್ಮ ಒಳಗಿನಿಂದ ಕೇಳಿಸಿಕೊಂಡಳು. ಇನ್ನು ಮುಗಿಯಿತು, ಇವತ್ತಿಗೆ ಈ ಸಂತೆ ತೊಲಗುತ್ತದೆ ಎಂದುಕೊಂಡಳು.

"ಏನ್ ಶಿವಣ್ಣ, ನಿನ್ ಮೊಮ್ಮಗ ನನ್ನ ಮಣ್ಣುಮುಕ್ಕುಸ್ಬುಟ್ನಲ್ಲ."

ಉತ್ತರವನ್ನು ಶಿವಣ್ಣ ಕೊಡಬೇಕಾಗಲಿಲ್ಲ, ಸರದಿಯಲ್ಲಿದ್ದವರೇ ಕೊಟ್ಟರು. "ನೀನು ಏನಂತ ಕೇಳ್ದೆ ಅದ ಹೇಳು ಮೊದ್ಲು," ಎಂದಳೊಬ್ಬಳು.

"ನಿಂತ್ಕಳ್ಳಾ ಅಂತ ಕೇಳ್ದೆ."

"ನಿಂತ್ಕೊ ಅಂತು, ನಿಂತ್ಕಂಡೆ. ಗೆಲ್ತೀಯ ಅಂತ ಎಲ್ಲಂತು?"

"ಚಪ್ಲಿ ಬಿಟ್ಟು ಬಂದಿದ್ದೇನ್ಲಾ ಅವತ್ತು?" ಎಂದ ದೇವಯ್ಯ.

ಪುಟ್ಟಸ್ವಾಮಿ ಯೋಚಿಸಿದ. ಚಪ್ಪಲಿಯ ವಿಚಾರ ಅವನಿಗೆ ನೆನಪಿರಲಿಲ್ಲ. ನೆನಪಿಲ್ಲದ್ದೇ ತಪ್ಪಾಯಿತು. ಮುಂದಿನ ಶುಕ್ರವಾರ ಅವನೇ ಒಂದು ಗೊನೆ ಬಾಳೆಹಣ್ಣು ತಂದು ಕ್ಷಮೆ ಕೇಳಿ, ಸಹಕಾರ ಬ್ಯಾಂಕಿಗೆ ನಿಲ್ಲಲೋ ಬೇಡವೋ ಎಂದು ಕೇಳಿಕೊಂಡು ಹೋದ. ದೇವರ ಮಾತು ಸುಳ್ಳಾದರೂ ನಡೆಯುತ್ತದೆ, ಸರದಿ ಮಾತ್ರ ತಪ್ಪಬಾರದು ಎಂದು ಸೋಮಮ್ಮನಿಗೆ ಆವತ್ತು ಗೊತ್ತಾಯಿತು.

ಅದಾದ ಮೇಲೆ ಬಂದದ್ದು ಆ ಮಂಗಳವಾರ. ಬೆಳಗಿನಿಂದಲೇ ಅಪ್ಪು ಗೊರಗೊರ ಅಳುತ್ತಿದ್ದ. ಅಳುವುದೆಂದರೆ ಅವನದು ಜೋರಲ್ಲ, ಗಂಟಲಲ್ಲೇ ಹೊರಳುವ ಸದ್ದು. ಸೋಮಮ್ಮ ಕಿವಿಗೆ ಬಾಯಿಟ್ಟು, "ಹಸಿವಾ ಮಗ?" ಎಂದಳು. ಬಲಗೈ. ಗಂಜಿ ಕೊಟ್ಟರೆ ಉಗಿದ. "ನೀರು ಬೇಕಾ?" ಬಲಗೈ. ನೀರೂ ಇಳಿಯಲಿಲ್ಲ. "ಎತ್ಕೊಳ್ಳಾ? ಮಲುಗುಸ್ಲಾ? ಎಲ್ಲಾರ ನೋಯ್ತದಾ?" ಬಲಗೈ, ಬಲಗೈ, ಬಲಗೈ. ಹೊಟ್ಟೆ ಒತ್ತಿದಳು, ಕಾಲು ನೀವಿದಳು. ಜಗಲಿಯಲ್ಲಿ ಜನ ತುಂಬಿದ್ದರು. ಅಳುವ ಸದ್ದು ಕೇಳಿ ಒಬ್ಬಳು, ಸ್ವಾಮಿಗೆ ಮೈದುಂಬಿದೆ ಎಂದಳು. ಕರ್ಪೂರ ಹಚ್ಚಿದರು. ಊದುಬತ್ತಿಯ ಹೊಗೆ ಕವಿಯಿತು. ಶಿವಣ್ಣ ಮೊಮ್ಮಗನಿಗೆ, "ಒಸಿ ತಡೀಲಾ, ಇವತ್ತು ಕೇಳಿದ್ದು ಗಟ್ಟಿ ಆಯ್ತದೆ," ಎಂದು ಸರದಿಯನ್ನು ಬೇಗ ಬೇಗ ಮುಂದಕ್ಕೆ ಬಿಟ್ಟ.

ಹೊತ್ತಿಳಿಯುವ ಹೊತ್ತಿಗೆ ಸೋಮಮ್ಮ ಅವನ ತಲೆಯನ್ನು ಹೆಗಲಿಗೆ ಹಾಕಿಕೊಂಡಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಬಲಗಿವಿ. ಕೀವು. ಅವಳು ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು, ಸರದಿಯಲ್ಲಿ ಕೂತವರ ಮಧ್ಯೆಯೇ ನಡೆದುಹೋಗಿ, ಡೈರಿಯ ಮುಂದೆ ನಿಂತಿದ್ದ ಕಿಶನನ ಟೆಂಪೋ ಹತ್ತಿದಳು. ಇನ್ನೂ ಕೇಳದೆ ಉಳಿದಿದ್ದ ಇಬ್ಬರು ಟೆಂಪೋದ ಹಿಂದೆ ಸ್ವಲ್ಪ ದೂರ ಓಡಿದರು.

ಕೃಷ್ಣರಾಜಪೇಟೆಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಎಷ್ಟು ದಿನದಿಂದ ನೋವಿದೆ?" ಎಂದರು.

ಸೋಮಮ್ಮ ಕೂಸಿನ ಕೆನ್ನೆಗೆ ಇಳಿದಿದ್ದ ಕೀವನ್ನು ಒರೆಸಿದಳು.

"ಇವನಿಗೆ ಇರೋದು ಇದೊಂದೇ ಕಿವಿ ಅಂತೀರಿ. ಇನ್ನೆರಡು ದಿನ ಬಿಟ್ಟಿದ್ರೆ ಇದೂ ಹೋಗ್ತಿತ್ತು ಅಜ್ಜಿ. ಮಗು ಏನೂ ತೋರಿಸ್ಲಿಲ್ವಾ?"

"ತೋರುಸ್ತಿದ್ದ ಸಾಮಿ," ಎಂದಳು ಸೋಮಮ್ಮ. "ಮೊದ್ಲು ತೋರುಸ್ತಿದ್ದ."

ಮದ್ದು ಹಾಕಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಈ ಹುಡುಗನಿಗೆ ನಾಳೆ ಹೊಟ್ಟೆನೋವು ಬಂದೀತು, ನಾಡಿದ್ದು ಚೇಳು ಕುಟುಕೀತು, ತಾನು ಸತ್ತ ಮೇಲೆ ಯಾರೋ ಕಾಣದವರು ಎಲ್ಲಿಗೋ ಎತ್ತಿಕೊಂಡು ಹೋದಾರು. ಆಗೆಲ್ಲ ಇವನು ಬಲಗೈ ಎತ್ತಿಕೊಂಡು ಆಗಲಿ, ಆಗಲಿ ಎಂದು ಕೂತಿರುತ್ತಾನೆ. ಗುರುವಾರ ಅರ್ಪಿತ ಬಂದಾಗ ಕೇಳಿದಳು. "ಹೋದ ಮಾತ ತಿರ್ಗಾ ತರಾಕಾಯ್ತದಾ ಮಗ?"

"ಆಗುತ್ತೆ. ಅವನು ಏನಕ್ಕೆ ಬಲಗೈ ಎತ್ತುತ್ತಾನೋ ಅದನ್ನ ಕೊಡ್ಬೇಕು. ಅವನಿಗಾಗದ್ದಾದ್ರೂ ಸರಿ, ಕೊಡ್ಬೇಕು. ಕೈಗೆ ಬೆಲೆ ಇದೆ ಅಂತ ಅವನಿಗೆ ಗೊತ್ತಾಗ್ಬೇಕು. ಆದ್ರೆ ಆಚೆ ಈ ಜನ ಇರೋತನಕ..."

"ಜನದ್ದು ನಂಗೆ ಬುಡು," ಎಂದಳು ಸೋಮಮ್ಮ.

ಶುಕ್ರವಾರ ಮಧ್ಯಾಹ್ನ ಜಗಲಿ ತುಂಬಿತು. ಸೋಮಮ್ಮ ಕುರ್ಚಿಯ ಮಾವಿನಸೊಪ್ಪು ಕಿತ್ತುಹಾಕಿ, ಅಪ್ಪುವನ್ನು ಅದರಲ್ಲಿ ಕೂರಿಸಿ, ಪಕ್ಕದಲ್ಲಿ ರಾಗಿಗಂಜಿಯ ಬಟ್ಟಲು, ಒಂದು ಚೊಂಬು ತಣ್ಣೀರು, ಒಂದು ಬಟ್ಟೆ ಇಟ್ಟುಕೊಂಡು ಕುಳಿತಳು.

"ಏನಮ್ಮಿ ಇದು, ಜನ ಕಾಯ್ತಾವ್ರೆ," ಎಂದ ಶಿವಣ್ಣ.

"ಕಾಯ್ಲಿ. ಎಡೆ ಆಗ್ದೆ ಯಾವ ದೇವ್ರಿಗಾದ್ರೂ ಹೂವು ಕೇಳಿದ್ದುಂಟಾ? ಇಷ್ಟು ದಿನ ನೀವು ಇವ್ನ ಉಪಾಸ ಕೂರುಸಿ ಕೇಳ್ಸಿದ್ರಿ. ಅದಕ್ಕೇ ಪುಟ್ಟಸ್ವಾಮಿ ಸೋತಿದ್ದು."

ಜಗಲಿಯಲ್ಲಿ ಗುಸುಗುಸು ಎದ್ದಿತು. ಹೌದಲ್ಲ, ಎಡೆ ಇಡುವುದನ್ನೇ ಮರೆತಿದ್ದೆವಲ್ಲ ಎಂದು ಹಿರಿಯರು ತಲೆದೂಗಿದರು. ಪುಟ್ಟಸ್ವಾಮಿ ಎಲ್ಲರಿಗಿಂತ ಜೋರಾಗಿ ತಲೆದೂಗಿದ.

"ಎಡೆ ಹೊತ್ನಲ್ಲಿ ಯಾರೂ ತುಟಿ ಬಿಚ್ಚಂಗಿಲ್ಲ. ಯಾರೂ ಹತ್ರ ಬರಂಗಿಲ್ಲ."

ಯಾರೂ ತುಟಿ ಬಿಚ್ಚಲಿಲ್ಲ. ಶಿವಣ್ಣನೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಸೋಮಮ್ಮ ಕಿವಿಗೆ ಬಗ್ಗಿ, "ಗಂಜಿ ಬೇಕಾ ಮಗ?" ಎಂದಳು. ಬಲಗೈ. ಒಂದು ಚಮಚ ಕೊಟ್ಟಳು. ಮತ್ತೆ ಕೇಳಿದಳು, ಮತ್ತೆ ಕಾದಳು. ಆಮೇಲೆ ಬಟ್ಟೆ ಅದ್ದಿ, "ತಣ್ಣೀರು ಬೇಕಾ?" ಎಂದಳು. ಬಲಗೈ. ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಅಪ್ಪು ಮುಖ ಕಿವುಚಿ ಗೊರಗೊರ ಎಂದ.

"ಸಾಮಿಗೆ ತಣ್ಣೀರಾಕ್ತಾವ್ಳಲ್ಲಪ್ಪ," ಎಂದು ಹಿಂದಿನಿಂದ ಒಬ್ಬಳು ಉಸುರಿದಳು.

"ಬೇಕು ಅಂದ, ಕೊಟ್ಟೆ. ದೇವ್ರ ಅಪ್ಪಣೆ ಮೀರಕ್ಕಾಯ್ತದಾ?" ಎಂದಳು ಸೋಮಮ್ಮ ತಿರುಗಿ ನೋಡದೆ.

ಹೀಗೆಯೇ ಹೊತ್ತು ಸರಿಯಿತು. ಗಂಜಿ, ಕಾಯುವುದು, ತಣ್ಣೀರು, ಕಾಯುವುದು. ಸೋಮಮ್ಮನ ಕಾಯುವಿಕೆಯ ಎದುರು ಕೂರುವುದು ಸುಲಭವಲ್ಲ. ನಾಗಮಂಗಲದಿಂದ ಬಂದವರು ಬಸ್ಸು ಹೋಗುತ್ತದೆಂದು ಎದ್ದರು. ಬೋರಿನವನು ಕರೆಂಟು ಬಂತೆಂದು ಎದ್ದ. ಡೈರಿಗೆ ಹಾಲು ಹಾಕುವ ಹೊತ್ತಾದಾಗ ಮಿಕ್ಕವರೂ ಸೀರೆ ಕೊಡವಿಕೊಂಡು ಎದ್ದರು. ದೇವರು ನಾಳೆಯೂ ಇರುತ್ತಾನೆ, ಹಾಲು ಒಡೆಯುತ್ತದೆ. ಮುಂದಿನ ಮಂಗಳವಾರ ಬಂದವರು ಅರ್ಧ. ಅದರ ಶುಕ್ರವಾರ ಇನ್ನೂ ಕಮ್ಮಿ. ಅಷ್ಟರಲ್ಲಿ ಪಾಂಡವಪುರದ ಆಚೆ ಯಾರದೋ ಮನೆಯಲ್ಲಿ ಹಣೆಯ ಮೇಲೆ ನಾಮವಿರುವ ಕರು ಹುಟ್ಟಿ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ, ಅದೂ ತಕ್ಷಣ, ಎಂದು ಸುದ್ದಿ ಬಂತು. ಕೊಪ್ಪಲಿನವರು ಕಿಶನನ ಟೆಂಪೋ ಗೊತ್ತುಮಾಡಿಕೊಂಡೇ ಅಲ್ಲಿಗೆ ಹೋದರು.

ಜಗಲಿಯಲ್ಲಿ ಶಿವಣ್ಣ ಒಬ್ಬನೇ ಉಳಿದ. ಶಾಮಿಯಾನದ ಬಟ್ಟೆ ಒಂದು ಕಡೆ ಜೋತುಬಿದ್ದಿತ್ತು. ಅವನು ಬಹಳ ಹೊತ್ತು ಹೆಂಡತಿಯನ್ನೂ ಮೊಮ್ಮಗನನ್ನೂ ನೋಡುತ್ತಾ ಕೂತಿದ್ದು, ಕಡೆಗೆ ಹತ್ತಿರ ಸರಿದ.

"ನಾನೊಂದು ಕೇಳ್ಲಾ?"

"ಏನು, ಕರ ಆಯ್ತದಾ ಅಂತ್ಲಾ? ಅವ್ನದ್ದು ಅವ್ನಿಗೆ ಕೇಳಿ. ಊರುದ್ದು ಬ್ಯಾಡ."

ಶಿವಣ್ಣ ಯೋಚಿಸಿದ. ಮೊಮ್ಮಗನಿಗೆ ಊರಿನವರ ಮಾತೆಲ್ಲ ಕೇಳಿಸಿದ್ದನೇ ಹೊರತು, ಅವನದ್ದು ಅಂತ ಒಂದನ್ನೂ ತಾನು ಕೇಳಿರಲಿಲ್ಲ. ಏನು ಕೇಳಬೇಕೆಂದೇ ಹೊಳೆಯಲಿಲ್ಲ. ತಲೆ ಕೆರೆದುಕೊಂಡು, ಬಲಗಿವಿಯ ಹತ್ತಿರ ಬಗ್ಗಿ, "ಅಪ್ಪು, ತಾತನ ತೊಡೆ ಮ್ಯಾಲೆ ಬತ್ತೀಯೇನ್ಲಾ?" ಎಂದ. ಎಂದವನೇ ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

"ತಡೀರಿ," ಎಂದಳು ಸೋಮಮ್ಮ.

ಅವನು ಕೈ ಚಾಚಿಕೊಂಡೇ ಕಾದ. ಬೀದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕೊಂದು ಹೋಯಿತು. ಅಪ್ಪುವಿನ ಬಲಗೈ ಮಿಸುಕಿತು, ನಿಂತಿತು. ಎಡಗೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಡುಗುತ್ತಾ, ಇಳಿದು, ಮತ್ತೆ ನಡುಗುತ್ತಾ ಎಡಗೈ ಕುರ್ಚಿಯ ಹಲಗೆ ಬಿಟ್ಟು ಮೇಲೆದ್ದಿತು.

ಸೋಮಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು.

ಶಿವಣ್ಣ ಆ ಕೈಯನ್ನೇ ನೋಡಿದ. "ಯಾಕಂತೆ?"

"ಯಾಕೆ ಅಂತ ಹೇಳಾಕೆ ಇನ್ನೂ ಬರಕಿಲ್ಲ ಅವ್ನಿಗೆ."

"ಸರ್ಯಾಗಿ ಕೇಳಿಸ್ನಿಲ್ವೇನೋ. ಇನ್ನೊಂದ್ಸಲ ಕೇಳ್ಲಾ?"

"ಬ್ಯಾಡ ಅಂದ್ನಲ್ಲ," ಎಂದಳು ಸೋಮಮ್ಮ. "ಕೇಳಿದ್ರಿ, ಹೇಳ್ದ."

ಶಿವಣ್ಣ ಚಾಚಿದ ಕೈಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ. ಆ ಸಂಜೆ ಡೈರಿಯಲ್ಲಿ, ಸಾಮಿ ಎಂಗವ್ನೆ ಶಿವಣ್ಣ ಎಂದು ಮಂಚಯ್ಯ ಕೇಳಿದ್ದಕ್ಕೆ, "ನಂಗೇ ಬ್ಯಾಡ ಅಂದ್ಬುಟ್ಟ ಕಣ್ಲಾ, ಇನ್ನು ನಿಮಗೇನ್ ಹೇಳಾನು," ಎಂದನಂತೆ. ಬೇಜಾರಿನಲ್ಲಿ ಹೇಳಿದನೋ ಹೆಮ್ಮೆಯಲ್ಲಿ ಹೇಳಿದನೋ, ಕೇಳಿದವರಿಗೆ ಗೊತ್ತಾಗಲಿಲ್ಲ.

ಅಪ್ಪು ಎಲ್ಲ ದಿನವೂ ಸರಿಯಾಗಿ ಹೇಳುತ್ತಿರಲಿಲ್ಲ. ಕೆಲವು ದಿನ ಎರಡು ಕೈಯೂ ಏಳುತ್ತಿದ್ದವು, ಕೆಲವು ದಿನ ಯಾವುದೂ ಏಳುತ್ತಿರಲಿಲ್ಲ. ಕಳೆದದ್ದನ್ನು ಮತ್ತೆ ಹುಡುಕಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಅರ್ಪಿತ ಹೇಳಿದಳು.

ಒಂದು ಸಾಯಂಕಾಲ ಸೋಮಮ್ಮ ಒಲೆಯ ಮುಂದೆ ಕೂತಿದ್ದಾಗ ಜಗಲಿಯಿಂದ ಗಂಡನ ದನಿ ಕೇಳಿಸಿತು. ಅವಳಿಗೆ ಕೇಳಬಾರದೆಂದು ಸಣ್ಣಗೆ ಆಡಿದ ದನಿ. "ಅಪ್ಪು, ಬತ್ತೀಯೇನ್ಲಾ?"

ಆಮೇಲೆ ಏನೂ ಕೇಳಿಸಲಿಲ್ಲ. ಗಂಡನಿಗೆಂದು ಸೋಸಿಟ್ಟಿದ್ದ ಕಾಫಿ ಲೋಟದಲ್ಲಿ ಆರುತ್ತಿತ್ತು. ಸೋಮಮ್ಮ ಕರೆಯಲಿಲ್ಲ. ಯಾವ ಕೈ ಎದ್ದಿತೆಂದು ಬಗ್ಗಿಯೂ ನೋಡಲಿಲ್ಲ.